ಯಾರ ಗೋಡೆಗೆ ಯಾರ ಸುಣ್ಣ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಈ ಗಾದೆ ಮಾಡಿದವರಿಗೆ ಜಾಗ ಇತ್ತು. ಇನ್ನೊಬ್ಬರ ಗೋಡೆಗೆ ಸುಣ್ಣ ಬಳಿದು, ಆ ಸುಣ್ಣದ ವಾಸನೆ ಹೋಗುವ ಮೊದಲೇ ಪಾತ್ರೆ ಪಗಡ ಎತ್ತಿಕೊಂಡು ಹೊರಟವರು ಆ ಗಾದೆಯಲ್ಲಿ ಇಲ್ಲ. ನಾವು ಅಂಥವರು. ಹೊಸಪೇಟೆಯ ಓಣಿಗಳಲ್ಲಿ ನಮ್ಮಂಥವರಿಗೆ ಬರವಿಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನು ಗೆಳೆಯರ ಮುಂದೆ ಇಡುತ್ತಿದ್ದೇವೆ. ಬಾಡಿಗೆ ಮನೆಗೆ ನಾವು ಹಾಕಿದ ದುಡ್ಡು, ಸುರಿಸಿದ ಬೆವರು, ಮನೆ ಬಿಟ್ಟ ಮೇಲೆ ಯಾರದು? ಇದೇನು ದೊಡ್ಡ ಪ್ರಶ್ನೆ, ಭೂಮಿಯ ಪ್ರಶ್ನೆ, ಕೂಲಿಯ ಪ್ರಶ್ನೆ ಇರುವಾಗ ಬಚ್ಚಲ ಗಾರೆಯ ಪುರಾಣ ಯಾಕೆ ಅಂತ ಕೇಳುವವರಿದ್ದಾರೆ. ಅವರು ಸ್ವಲ್ಪ ತಾಳಬೇಕು.

2018ರಲ್ಲಿ ಚಿತ್ತವಾಡಗಿ ಕಡೆ ಒಂದು ಮನೆ ಹಿಡಿದೆವು. ಅದಕ್ಕೆ ಮೊದಲು ಹನ್ನೊಂದು ಮನೆ ನೋಡಿದ್ದೆವು. "ಖಾಲಿ ಐತಿ, ಬರ್ರಿ" ಅಂದವರು ಕೂಡಿಸಿ, ಚಹಾ ಕೊಟ್ಟು, ಊರು ಕೇಳಿ, ಕೆಲಸ ಕೇಳಿ, ಕೊನೆಗೆ ದನಿ ತಗ್ಗಿಸಿ "ನೀವು ಯಾವ ಮಂದಿ?" ಅಂತ ಕೇಳಿದರು. ಹೇಳಿದ ಕೂಡಲೆ ಒಬ್ಬರ ಮಗಳು ಹೆರಿಗೆಗೆ ಬರುವವಳಿದ್ದಳು, ಇನ್ನೊಬ್ಬರ ತಮ್ಮ ವರ್ಗವಾಗಿ ಬರುವವನಿದ್ದ. ಒಬ್ಬರು ಮಾತ್ರ ನೇರವಾಗಿ, "ನಮ್ದೇನಿಲ್ರಿ, ಓಣ್ಯಾಗಿನ ಮಂದಿ ಒಪ್ಪಂಗಿಲ್ಲ" ಅಂದರು. 1917ರಲ್ಲಿ ಅಮೆರಿಕದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ ಬಾಬಾಸಾಹೇಬರಿಗೆ ಆ ಊರಲ್ಲಿ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಕೆಲವು ದಿನ ಇದ್ದರು. ಗುಟ್ಟು ಗೊತ್ತಾದಾಗ ಬಡಿಗೆ ಹಿಡಿದ ಗುಂಪು ಬಂದು ಹೊರಹಾಕಿತು. ನೂರು ವರ್ಷದ ಮೇಲೆ ನಮ್ಮೆದುರು ಬಡಿಗೆ ಇರಲಿಲ್ಲ, ಚಹಾ ಇತ್ತು. ಇಷ್ಟು ಪ್ರಗತಿ ಆಗಿದೆ ಅಂತ ಬರೆದುಕೊಳ್ಳಬಹುದು.

ಹನ್ನೆರಡನೆಯ ಮನೆ ನಮಗೆ ಯಾಕೆ ಸಿಕ್ಕಿತು? ಅದು ಬೇರೆ ಯಾರಿಗೂ ಬೇಡವಾಗಿತ್ತು. ಎರಡು ವರ್ಷ ಬೀಗ ಬಿದ್ದಿತ್ತು. ಮಾಳಿಗೆ ಸೋರುತ್ತಿತ್ತು, ನೆಲ ಎದ್ದಿತ್ತು, ಬಚ್ಚಲಿಗೆ ಗಾರೆ ಇರಲಿಲ್ಲ, ಕಕ್ಕಸಿಗೆ ಬಾಗಿಲಿರಲಿಲ್ಲ. ಬಾಡಿಗೆ 3,500, ಅಡ್ವಾನ್ಸು 20,000, ಹನ್ನೊಂದು ತಿಂಗಳ ಕರಾರು. ಮಾಲಕರು ಬೀಗದ ಕೈ ಕೊಡುವಾಗ, "ಏನಾರ ಮಾಡಿಸ್ಕೊಳ್ಳೋದಿದ್ರ ನೀವ ಮಾಡಿಸ್ಕೊಳ್ರಿ, ನಂದೇನು ತಕರಾರಿಲ್ಲ" ಅಂದರು. ಆ ಮಾತನ್ನು ಅವತ್ತು ನಾವು ಔದಾರ್ಯ ಅಂದುಕೊಂಡೆವು.

ನಾವು ಮಾಡಿಸಿಕೊಂಡೆವು. ಮಹಿಳಾ ಸಂಘದ ಸಾಲ ಎತ್ತಿ ಕಡಪ ಕಲ್ಲು ಹಾಸಿದ್ದಕ್ಕೆ 16,000. ಬಚ್ಚಲ ಗಾರೆ ಮತ್ತು ಪೈಪಿಗೆ 9,000. ಕಕ್ಕಸಿನ ಗುಂಡಿ, ಬಾಗಿಲಿಗೆ 8,000. ಸುಣ್ಣ ಬಣ್ಣ, ಕರೆಂಟಿನ ತಂತಿಗೆ 5,000. ಒಟ್ಟು 38,000 ರೂಪಾಯಿ. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಮಾಳಿಗೆ ಮೇಲೆ ಸವುಳು ಮಣ್ಣು ಹೇರಿ ತುಳಿದ ಕೂಲಿಯನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ. ನಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಇರುವುದು ಊರಿಗೆ ಮಾತ್ರವಲ್ಲ, ನಮಗೂ ರೂಢಿಯಾಗಿದೆ.

2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಮರುವರ್ಷ ಮಾಲಕರು, ಮಗನಿಗೆ ಮನೆ ಬೇಕು ಅಂದರು. ಬಿಟ್ಟೆವು. ಮಗ ಬರಲಿಲ್ಲ. ಮುಂದಿನ ತಿಂಗಳೇ 5,000 ಬಾಡಿಗೆಗೆ ಬೇರೆಯವರು ಬಂದರು. ಬರುವ ಮುಂಚೆ ಮನೆಯೊಳಗೆಲ್ಲ ಗಂಜಳ ಚಿಮುಕಿಸಿದರಂತೆ, ನಾವು ಹಾಸಿದ ಕಲ್ಲಿನ ಮೇಲೆ. ಪಕ್ಕದ ಮನೆಯ ಅಕ್ಕ ಸಂತೆಯಲ್ಲಿ ಸಿಕ್ಕು ಇದನ್ನು ಹೇಳಿ ತಾನೇ ನಾಚಿಕೊಂಡಳು. ಕಲ್ಲಿಗೆ ಮೈಲಿಗೆ ತಟ್ಟಿತ್ತು, ಕಲ್ಲಿನಿಂದ ಏರಿದ 1,500 ರೂಪಾಯಿಗೆ ತಟ್ಟಿರಲಿಲ್ಲ.

ಗೆಳೆಯರೆ, ಇಲ್ಲಿ ನಡೆದದ್ದು ಏನು ಅಂತ ಬಿಡಿಸಿ ನೋಡಬೇಕು. ಜಾತಿ ನಮ್ಮನ್ನು ಯಾರಿಗೂ ಬೇಡದ ಮನೆಗೆ ತಳ್ಳುತ್ತದೆ. ಬೇಡದ ಮನೆಯಲ್ಲಿ ಮನುಷ್ಯರಂತೆ ಬಾಳಬೇಕಾದರೆ ದುಡ್ಡು ಹಾಕಲೇಬೇಕು. ದುಡ್ಡು ಹಾಕಿದ ಮೇಲೆ ಆ ಮನೆ ಬೇರೆಯವರಿಗೆ ಬೇಕಾಗುತ್ತದೆ. ಬೇಕಾದ ಕೂಡಲೆ ನಾವು ಹೊರಗೆ. ನಾಲ್ಕು ಅಂಕಣದ ಮನೆಯೊಳಗೆ ಇಡೀ ವ್ಯವಸ್ಥೆಯೇ ಕಾಲು ಚಾಚಿ ಮಲಗಿದೆ.

ಹಾಗಾದರೆ ದುಡ್ಡು ಹಾಕಲೇಬಾರದೆ? ನಮ್ಮ ಸಂಘಟನೆಯ ಒಬ್ಬ ಹುಡುಗ ಹಾಗೇ ವಾದಿಸಿದ. "ಬಾಡಿಗಿ ಮನಿಗೆ ರೊಕ್ಕ ಸುರಿಯೋದು ಅಂದ್ರ ಮಾಲಕನ ಉಡಿ ತುಂಬಿದಂಗ. ಸೋರ್ಲಿ ಬಿಡ್ರಿ, ಅವನ ಮನಿ ಬಿದ್ದು ಹೋಗ್ಲಿ" ಅಂದ. ಮಾತಿನಲ್ಲಿ ಬಿಸಿಯಿತ್ತು, ನಮಗೂ ಅರೆಗಳಿಗೆ ಸರಿ ಅನ್ನಿಸಿತು. ಆದರೆ ಮೂಲೆಯಲ್ಲಿ ಕೂತಿದ್ದ ಅವ್ವ ಕೇಳಿದಳು: "ಎಪ್ಪಾ, ಸೋರೋದು ಅವನ ಮನಿ ಖರೆ. ತೊಯ್ಯೋದು ಯಾರ ಕೂಸು?" ಹುಡುಗ ಸುಮ್ಮನಾದ. ಬಾಗಿಲಿಲ್ಲದ ಕಕ್ಕಸಿಗೆ ನಾಲ್ಕು ವರ್ಷ ಹೆಣ್ಣುಮಕ್ಕಳನ್ನು ಕಳಿಸಿ, ಮಾಲಕನಿಗೆ ಲಾಭ ಆಗಲಿಲ್ಲ ಅಂತ ಬೀಗಬೇಕೆ? ವ್ಯವಸ್ಥೆ ಬದಲಾಗುವ ತನಕ ಮೈ ತೊಳೆಯದೆ ಇರುವುದಕ್ಕೆ ಆಗುವುದಿಲ್ಲ. ನಮ್ಮದಲ್ಲದ್ದನ್ನು ಚೆನ್ನಾಗಿಡುವುದು ಗುಲಾಮತನ ಅನ್ನುವುದು ಪೂರ್ತಿ ನಿಜವಲ್ಲ. ಚೆನ್ನಾಗಿ ಬಾಳುವುದಕ್ಕೆ ಇನ್ನೊಬ್ಬರ ಗೋಡೆಯ ಅಪ್ಪಣೆ ಕೇಳುವುದಿದೆಯಲ್ಲ, ಗುಲಾಮತನ ಅಲ್ಲಿದೆ.

ಹಾಗಂತ ಅವ್ವನ ಮಾತಿಗೇ ನಿಂತರೆ ಮಾಲಕನಿಗೆ ಬಲು ಸುಲಭ. ನಿಮ್ಮ ಸುಖಕ್ಕೆ ಮಾಡಿಸಿಕೊಂಡಿರಿ, ಸುಖಪಟ್ಟಿರಿ, ಮುಗಿಯಿತು ಅಂತಾನೆ. ಇಲ್ಲಿ ನಾವು ಲೆಕ್ಕದ ಪುಸ್ತಕ ತೆಗೆಯಬೇಕು. ಸುಣ್ಣ ನಾಲ್ಕು ವರ್ಷದಲ್ಲಿ ಉದುರಿತು, ಅದನ್ನು ನಾವೇ ಬಾಳಿ ಸವೆಸಿದೆವು, ಕೇಳುವುದಿಲ್ಲ. ಕಡಪ ಕಲ್ಲು ಹಾಗಲ್ಲ. ನಲವತ್ತು ವರ್ಷ ಬಾಳುವ ಕಲ್ಲು ಅಂತ ಹಿಡಿಯೋಣ. ವರ್ಷಕ್ಕೆ 400 ರೂಪಾಯಿ ಸವೆತ, ನಾಲ್ಕು ವರ್ಷಕ್ಕೆ 1,600. ಉಳಿದ 14,400 ರೂಪಾಯಿ ನಾವು ಅಲ್ಲೇ ಬಿಟ್ಟು ಬಂದೆವು. ಅದು ದಾನವಲ್ಲ, ನಾವು ಕೊಟ್ಟಿಲ್ಲ. ಬಾಡಿಗೆಯೂ ಅಲ್ಲ, ಬಾಡಿಗೆಯನ್ನು ತಿಂಗಳಾ ತಿಂಗಳಾ ತೀರಿಸಿದ್ದೇವೆ. ಹಾಗಾದರೆ ಅದಕ್ಕೆ ಹೆಸರೇನು? ಮಾಲಕ ನಮ್ಮಿಂದ ಪಡೆದ ಸಾಲ ಅನ್ನುತ್ತೇವೆ ನಾವು. ಏರಿದ 1,500 ರೂಪಾಯಿ ಅಂದರೆ ವರ್ಷಕ್ಕೆ 18,000. ಅದೆಲ್ಲ ನಮ್ಮ ಕಲ್ಲಿನಿಂದಲೇ ಬಂತು ಅನ್ನುವುದಿಲ್ಲ, ಊರು ಜಿಲ್ಲೆಯಾದದ್ದೂ ಅದರಲ್ಲಿ ಸೇರಿದೆ. ಆದರೆ ಊರು ಜಿಲ್ಲೆಯಾದರೂ ಎದ್ದ ನೆಲಕ್ಕೆ 5,000 ಯಾರೂ ಕೊಡುವುದಿಲ್ಲ.

ಕಾಯಿದೆ ಏನನ್ನುತ್ತದೆ ಅಂತ ನೋಡಿದೆವು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮು. ಕರಾರಿನಲ್ಲಿ ಬೇರೆ ಮಾತು ಬರೆದಿಲ್ಲದಿದ್ದರೆ, ಬಾಡಿಗೆದಾರ ತಾನು ಕೂಡಿಸಿದ್ದನ್ನು ಮನೆ ಒಪ್ಪಿಸುವ ಮುಂಚೆ ಬಿಚ್ಚಿಕೊಂಡು ಹೋಗಬಹುದು, ಮನೆ ಮೊದಲಿದ್ದ ಹಾಗೆ ಇರಬೇಕು ಅಷ್ಟೆ. ಫ್ಯಾನು, ತಗಡು, ಬಾಗಿಲು ಬಿಚ್ಚಬಹುದು. ಗಾರೆಯಲ್ಲಿ ಕೂತ ಕಲ್ಲನ್ನು ಕಿತ್ತರೆ ಕಲ್ಲೂ ಒಡೆಯುತ್ತದೆ, ಮನಸ್ಸೂ ಒಡೆಯುತ್ತದೆ. ಬೆಲೆ ಕಟ್ಟಿ ಕೊಡು ಅಂತ ಮಾಲಕನಿಗೆ ಆ ಕಲಮು ಹೇಳುವುದಿಲ್ಲ. ಅಪ್ಪಣೆಯಿಲ್ಲದೆ ಕಾಯಂ ಕಟ್ಟಡ ಎಬ್ಬಿಸಿದರೆ ತಪ್ಪು ಬಾಡಿಗೆದಾರನದೇ. ಕರ್ನಾಟಕದ 1961ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಂತೂ ಅದು ಮನೆ ಬಿಡಿಸಲು ಒಂದು ಕಾರಣವೇ ಆಗಿತ್ತು. ವಿಚಿತ್ರ ನೋಡಿ, ಅದೇ 108ನೇ ಕಲಮಿನಲ್ಲಿ ಗೊತ್ತಾದ ಅವಧಿ ಇಲ್ಲದ ಗೇಣಿದಾರನನ್ನು ಬಿಡಿಸಿದರೆ, ಅವನು ಬಿತ್ತಿ ನಿಂತಿರುವ ಬೆಳೆಯನ್ನು ಕೊಯ್ದುಕೊಂಡು ಹೋಗುವ ಹಕ್ಕಿದೆ. ಬಿತ್ತಿದವನ ಬೆವರು ಕಾಯಿದೆಯ ಕಣ್ಣಿಗೆ ಬಿದ್ದಿತ್ತು. ಹಾಸಿದವನ ಬೆವರು ಬಿದ್ದಿರಲಿಲ್ಲ.

ಬೀಳುವುದೇ ಇಲ್ಲ ಅಂತೇನೂ ಅಲ್ಲ. ಮಲಬಾರಿನಲ್ಲಿ ಗೇಣಿದಾರರು ಇಟ್ಟ ಗಿಡಕ್ಕೆ, ಕಟ್ಟಿದ ಮನೆಗೆ ಬೆಲೆ ಕೊಡದೆ ಬಿಡಿಸಬಾರದು ಅಂತ 1887ರಲ್ಲೇ ಮದರಾಸು ಸರ್ಕಾರ ಕಾಯಿದೆ ಮಾಡಿತು, 1900ರಲ್ಲಿ ಅದನ್ನು ತಿದ್ದಿ ಹೊಸದಾಗಿ ಬರೆಯಿತು. ಅಲ್ಲಿ ಗೇಣಿದಾರರ ಸಿಟ್ಟು ಮತ್ತೆ ಮತ್ತೆ ದಂಗೆಯಾಗಿ ಸಿಡಿದಿತ್ತು, ಹಾಗಾಗಿ ದೊರೆಗಳ ಕಿವಿ ತೆರೆದಿತ್ತು. ನಮ್ಮ ಬಳ್ಳಾರಿ ಸೀಮೆ, ಹೊಸಪೇಟೆ ಕಂಪ್ಲಿ ಸಮೇತ, 1953ರ ತನಕ ಅದೇ ಮದರಾಸಿನ ಕೈಕೆಳಗೆ ಇತ್ತು. ಒಂದೇ ಸರ್ಕಾರ, ಒಂದೇ ಬೆವರು. ಮಲಬಾರಿನ ಬೆವರಿಗೆ ಬೆಲೆ ಇತ್ತು, ನಮ್ಮದಕ್ಕೆ ಇರಲಿಲ್ಲ.

ಹೊಲದ ವಿಷಯದಲ್ಲಿ ಈ ಮಾತು ನಮ್ಮ ಕಡೆಗೂ ಆಮೇಲೆ ಬಂತು. 1973ರಲ್ಲಿ ಸಂಡೂರಿನ ರೈತರು, ಸಮಾಜವಾದಿಗಳು ಬೀದಿಗಿಳಿದು ಭೂಮಿ ಕೇಳಿದರು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರನನ್ನು ಹೊಲದ ಒಡೆಯನನ್ನಾಗಿ ಮಾಡಿತು. ಆದರೆ ಅರ್ಜಿ ಹಾಕಲು ಗೇಣಿದಾರನಾಗಿ ಇರಬೇಕಿತ್ತು. ಕಂಪ್ಲಿಯ ಗದ್ದೆಯಲ್ಲಿ ಮಡಿ ಕಟ್ಟಿ, ಕೆಸರು ತುಳಿದು, ಕಬ್ಬು ಕಡಿದ ನಮ್ಮ ಹಿರಿಯರು ಗೇಣಿದಾರರಾಗಿದ್ದರೆ ತಾನೆ? ಅವರು ಆಳು, ಜೀತ. ನೆಲ ಹಸನು ಮಾಡಿದ ಕೈಗೆ ರಸೀದಿ ಇರಲಿಲ್ಲ. ಮೊನ್ನೆ 2025ರ ಮೇ ತಿಂಗಳಲ್ಲಿ ಇದೇ ಹೊಸಪೇಟೆಯ ಮೈದಾನದಲ್ಲಿ ಒಂದು ಲಕ್ಷಕ್ಕೂ ಮೀರಿ ಹಕ್ಕುಪತ್ರ ಕೊಡುತ್ತೇವೆಂದು ಸರ್ಕಾರ ದೊಡ್ಡ ಸಭೆ ಮಾಡಿತು. ತಾಂಡಾ, ಹಟ್ಟಿ, ಕ್ಯಾಂಪುಗಳಲ್ಲಿ ದಾಖಲೆಯಿಲ್ಲದೆ ತಲೆಮಾರು ಕಳೆದವರಿಗೆ ಅದು. ಬರಲಿ, ತಡವಾಗಿಯಾದರೂ ಬರಲಿ. ಅದು ಕರಾರು ಬರೆದು ಬಾಡಿಗೆ ಕೊಡುವವರಿಗೆ ಅಲ್ಲ.

ಉಳುವವನೇ ಹೊಲದ ಒಡೆಯ ಅಂದ ಹಾಗೆ ಇರುವವನೇ ಮನೆಯ ಒಡೆಯ ಅಂತ ನಾವು ಕೂಗುತ್ತಿಲ್ಲ. ಕೂಗಲು ಹೊರಟಾಗ ನಮ್ಮ ಕೇರಿಯ ಒಬ್ಬ ದೊಡ್ಡಮ್ಮ ನೆನಪಾದಳು. ಗಂಡ ಸತ್ತ ಮೇಲೆ ಎರಡು ಖೋಲಿಯಲ್ಲಿ ಒಂದನ್ನು ಬಾಡಿಗೆಗೆ ಕೊಟ್ಟು ಅದರಲ್ಲೇ ಅಕ್ಕಿ, ಮಾತ್ರೆ ತರುತ್ತಾಳೆ. ಅವಳೂ ಮಾಲಕಿಯೇ. ನಮ್ಮ ನ್ಯಾಯ ಅವಳ ಮುಂದೆಯೂ ನಿಲ್ಲಬೇಕು. ಅವಳ ಬಾಡಿಗೆಯ ಹುಡುಗ ಕಿಟಕಿ ಕೂಡಿಸಿದಾಗ ಅವಳು ಎರಡು ತಿಂಗಳ ಬಾಡಿಗೆ ಬಿಟ್ಟಳು. "ಅವ ಹೋದ ಮ್ಯಾಲೂ ಗಾಳಿ ನಂಗ ಬರ್ತೈತಲ್ಲ" ಅಂದಳು. ನಾವು ಕಾಯಿದೆ ಪುಸ್ತಕದಲ್ಲಿ ಹುಡುಕುತ್ತಿದ್ದ ಮಾತು ಅಕ್ಷರ ಬಾರದ ಅವಳ ಬಾಯಲ್ಲಿತ್ತು.

ಮಾಲಕ ಸರ್ಕಾರವೇ ಆದಾಗ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ, ಹಂಪಿ ಇದೆ. ವಿರೂಪಾಕ್ಷನ ಗುಡಿ ಮುಂದಿನ ಬಜಾರಿನ ಕಲ್ಲು ಮಂಟಪಗಳಿಗೆ ಗೋಡೆ ಏರಿಸಿ, ಬಾಗಿಲು ಕೂಡಿಸಿ, ಒಲೆ ಹಾಕಿ ಎಷ್ಟೋ ಸಂಸಾರಗಳು ದಶಕಗಳಿಂದ ಬಾಳಿದ್ದವು. ಚಹಾದಂಗಡಿ, ಖಾನಾವಳಿ, ಬಳೆ ಅಂಗಡಿ ಅಲ್ಲೇ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈ ಕೊನೆಯಲ್ಲಿ ಯಂತ್ರಗಳು ಬಂದವು. ಅಷ್ಟೂ ಜನರ ಗೋಡೆ, ಬಾಗಿಲು, ಒಲೆಗೆ ಸರ್ಕಾರಿ ಭಾಷೆಯಲ್ಲಿ ಒಂದೇ ಹೆಸರು: ಒತ್ತುವರಿ. ಆಮೇಲೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಹಳೆಯ ಕಂಬಕ್ಕೆ ಮೊಳೆ ಹೊಡೆದರೆ, ಸಿಮೆಂಟು ಮೆತ್ತಿದರೆ ಕೆಡುತ್ತದೆ, ನಾವು ಒಪ್ಪುತ್ತೇವೆ. ಆದರೆ ಅದೇ ಗುಡಿಗೆ 1510ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ ನೆನಪಿಗೆ ರಂಗಮಂಟಪ ಕಟ್ಟಿಸಿದ. ತನಗಿಂತ ಮೊದಲೇ ಇದ್ದ ದೇವರ ಮನೆಗೆ ಅವನೂ ಸೇರಿಸಿದ್ದೇ. ಅವನ ಸೇರಿಕೆಗೆ ಶಾಸನ ಸಿಕ್ಕಿತು. ಆ ಕಂಬ ಹೊತ್ತು ನಿಲ್ಲಿಸಿದವರಿಗೂ ಹೆಸರಿಲ್ಲ, ಐನೂರು ವರ್ಷದ ಮೇಲೆ ಆ ಕಂಬಗಳ ನಡುವೆ ಒಲೆ ಹೂಡಿದವರಿಗೂ ಹೆಸರಿಲ್ಲ.

ಅದೇ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಸಂಡೂರಿನ ಕಡೆ ನಾವು ನೋಡಿದ ಒಂದು ಬಾಡಿಗೆ ಸಾಲಿನಲ್ಲಿ ಕೂಲಿಯವರು ತಾವು ಹೊದಿಸಿದ್ದ ತಗಡನ್ನು ಬಿಚ್ಚಿ ಲಾರಿಗೆ ಹಾಕುತ್ತಿದ್ದರು. 108ನೇ ಕಲಮು ಅವರಿಗೆ ಗೊತ್ತಿರಲಿಲ್ಲ. ಯಾವುದನ್ನು ಬಿಚ್ಚಬಹುದು, ಯಾವುದು ಬರುವುದಿಲ್ಲ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಒಬ್ಬಾಕೆ ಅಂಗಳದ ಕರಿಬೇವಿನ ಗಿಡದ ಮುಂದೆ ನಿಂತಿದ್ದಳು. ಅದು ಬಿಚ್ಚಲು ಬರುವುದಲ್ಲ.

ಈಗಿನ ಮನೆಯ ಮಾಲಕರ ಮುಂದೆ ನಾವು ಒಂದು ಹಾಳೆ ಇಟ್ಟಿದ್ದೇವೆ. ಮನೆಗೆ ಏನೇ ಮಾಡಿಸುವ ಮುಂಚೆ ಇಬ್ಬರೂ ಕೂತು ಖರ್ಚು ಬರೆಯುವುದು, ಅದರ ಬಾಳಿಕೆ ಎಷ್ಟು ವರ್ಷ ಅಂತ ಬರೆಯುವುದು, ನಾವು ಬಿಡುವಾಗ ಉಳಿದ ವರ್ಷಗಳ ಬೆಲೆಯನ್ನು ಅಡ್ವಾನ್ಸಿನ ಜೊತೆ ವಾಪಸು ಕೊಡುವುದು. ಅವರು ಓದಿದರು, ತಿರುಗಿಸಿ ಹಿಂದೆ ಏನಾದರೂ ಇದೆಯಾ ಅಂತ ನೋಡಿದರು. "ಇಂಥಾದ್ದು ನಾ ಎಲ್ಲೂ ಕೇಳಿಲ್ಲ ಬಿಡ್ರಿ, ವಿಚಾರ ಮಾಡ್ತೀನಿ" ಅಂದರು. ತಿಂಗಳಾಯಿತು, ಸಹಿ ಬಿದ್ದಿಲ್ಲ. ರೋಹಿಣಿ ಮಳೆ ಹತ್ತಿರ ಬಂತು. ಅವ್ವ ದಿನಾ ಮಾಳಿಗೆ ನೋಡುತ್ತಾಳೆ, ಆಮೇಲೆ ನಮ್ಮನ್ನು ನೋಡುತ್ತಾಳೆ. ಸವುಳು ಮಣ್ಣಿನ ಟ್ರ್ಯಾಕ್ಟರಿಗೆ ಹೇಳಿದ್ದೇವೆ.