ಹಲ್ಲಿನ ಡೊಂಕು

ಹಲ್ಲಿಗೆ ಕ್ಲಿಪ್ಪು ಹಾಕಿಸುವುದು ನಮ್ಮ ಸೊಲ್ಲಾಪುರ ರಸ್ತೆಯಲ್ಲಿ ಈಗ ಅಪರೂಪದ ಸಂಗತಿಯಲ್ಲ. ಶಾಲೆ ಬಿಟ್ಟ ಹೊತ್ತಿಗೆ ನಿಂತು ನೋಡಿದರೆ, ನಗುವ ಮಕ್ಕಳ ಗುಂಪಿನಲ್ಲಿ ಒಂದು ಬಾಯಲ್ಲಾದರೂ ತಂತಿ ಮಿನುಗುತ್ತದೆ. ನಾವು ಚಿಕ್ಕವರಿದ್ದಾಗ ಉಬ್ಬುಹಲ್ಲಿನವನಿಗೆ ಸಿಗುತ್ತಿದ್ದುದು ಒಂದು ಅಡ್ಡಹೆಸರು ಮಾತ್ರ. ಆ ಹೆಸರು ಅವನ ಜೊತೆಯಲ್ಲೇ ಮುದುಕಾಗುತ್ತಿತ್ತು. ಆದ್ದರಿಂದ ಈ ತಂತಿಯನ್ನು ಬರಿಯ ಷೋಕಿ ಎಂದು ತಳ್ಳಿಹಾಕುವವರ ಪಕ್ಷಕ್ಕೆ ನಾನು ಸೇರಲಾರೆ.

ಕನ್ನಡ ಕಲಿಸುವವನಿಗೆ ಬಾಯಿಯೆಂದರೆ ಮೊದಲು ವರ್ಣಮಾಲೆ. ತವರ್ಗವೆಲ್ಲ ದಂತ್ಯ, ಲಕಾರ ಸಕಾರಗಳೂ ಹಲ್ಲಿನ ನೆರೆಯವೇ. ಮೇಲಿನ ಮುಂಬಲ್ಲೂ ಕೆಳಗಿನದೂ ಕೂಡದೆ ನಡುವೆ ಸಂದು ಉಳಿದರೆ ಸಕಾರದಲ್ಲಿ ಗಾಳಿ ಸೋರುತ್ತದೆ. ರೊಟ್ಟಿಯನ್ನು ಮುಂದಿನಿಂದ ಕಡಿಯಲಾಗದೆ ದವಡೆಗೆ ಸರಿಸಬೇಕಾಗುತ್ತದೆ. ಕಡಕ್ ರೊಟ್ಟಿಯ ಸೀಮೆಯಲ್ಲಿ ಇದೇನು ಸಣ್ಣ ಕಷ್ಟವೆ? ಇಂಥಲ್ಲಿ ಚಿಕಿತ್ಸೆ ಬೇಕೋ ಬೇಡವೋ ಎಂಬ ಚರ್ಚೆಯೇ ಇಲ್ಲ. ಚರ್ಚೆ ಏಳುವುದು ಊಟಕ್ಕೂ ಮಾತಿಗೂ ಅಡ್ಡಬಾರದ, ಕಣ್ಣಿಗೆ ಮಾತ್ರ ಕಾಣುವ ಡೊಂಕಿನ ವಿಷಯದಲ್ಲಿ. ಆದರೆ ಯಾರ ಕಣ್ಣಿಗೆ?

ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಪ್ರಮುಖನಾದ ಅಮೆರಿಕದ ಎಡ್ವರ್ಡ್ ಆಂಗಲ್, 1899ರಲ್ಲಿ, ಮೊದಲ ದವಡೆಹಲ್ಲನ್ನು ಗುರುತಾಗಿ ಹಿಡಿದು, ಹಲ್ಲು ಕೂಡದಿರುವ ಬಗೆಗಳನ್ನು ಮೂರು ವರ್ಗ ಮಾಡಿದ. ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಆದರೆ ಚೆಲುವಾದ ಮುಖಕ್ಕೊಂದು ಮಾದರಿ ಬೇಕಾದಾಗ ಅವನು ಮೊದಲು ಎತ್ತಿ ತೋರಿಸಿದ್ದು ವ್ಯಾಟಿಕನ್ನಿನಲ್ಲಿರುವ ಅಪೊಲೊ ದೇವತೆಯ ಅಮೃತಶಿಲೆಯ ಮೂರ್ತಿಯನ್ನು. ಆ ಕಲ್ಲಿನ ದೇವರ ಮುಖವೆಲ್ಲಿ, ಟಿಕೋಟಾದ ದ್ರಾಕ್ಷಿ ತೋಟದಿಂದ ಬಂದು ಬಸ್ಸಿಳಿಯುವ ಹುಡುಗಿಯ ಮುಖವೆಲ್ಲಿ! ಮೂರ್ತಿಗೆ ರೊಟ್ಟಿ ಕಡಿಯುವ ಕೆಲಸವೂ ಇಲ್ಲ.

ನಮ್ಮಲ್ಲಿ ಅಪೊಲೊವಿನ ಕೆಲಸವನ್ನು ಹೆಣ್ಣು ನೋಡಲು ಬರುವವರು ಮಾಡುತ್ತಾರೆ. "ಮುಂದ ಲಗ್ನಕ್ಕ ತೊಂದರಿ ಆಗಬಾರದು ನೋಡ್ರಿ" ಎಂದು ಹದಿಮೂರರ ಹುಡುಗಿಯೊಬ್ಬಳ ಎದುರಿಗೇ ಅವಳ ಸೋದರತ್ತೆ ಹೇಳಿದ್ದನ್ನು, ದಂತವೈದ್ಯರ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತು ಕೇಳಿದ್ದೇನೆ. ಹುಡುಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಹಲ್ಲು ಸರಿಹೋದ ಮೇಲೆ ಆ ಕೈ ಕೆಳಗಿಳಿದೀತೆ?

ತಂತಿಯ ಕೆಲಸ ಸೋಜಿಗದ್ದು. ಅದು ಹಲ್ಲನ್ನು ಜಗ್ಗಿ ಎಳೆಯುವುದಿಲ್ಲ. ಮೆಲ್ಲಗೆ, ಬಿಡದೆ ಒತ್ತುತ್ತದೆ. ಒತ್ತಿದ ಕಡೆ ಎಲುಬು ಕರಗುತ್ತದೆ, ಹಿಂದುಗಡೆ ಹೊಸ ಎಲುಬು ಕೂಡುತ್ತದೆ. ತಿಂಗಳಿಗೆ ಸುಮಾರು 1 ಮಿಲಿಮೀಟರು. ಅವಸರಪಟ್ಟು ಹೆಚ್ಚು ಒತ್ತಿದರೆ ಹಲ್ಲಿನ ಬೇರಿಗೇ ಕೇಡಾಗಬಹುದು. ಒಂದೂವರೆ ಎರಡು ವರ್ಷ ಹೀಗೆ ನಡೆದು ತಂತಿ ಬಿಚ್ಚಿದ ಮೇಲೂ ಹಲ್ಲು ತನ್ನ ಹಳೆಯ ತಾವಿಗೆ ಮರಳಲು ಹವಣಿಸುತ್ತದೆ. ಅದನ್ನು ತಡೆಯಲು ಬಹುಕಾಲ ರಿಟೇನರ್ ಧರಿಸಬೇಕು. ಜಾಗ ಸಾಲದಿದ್ದರೆ ಗಟ್ಟಿಮುಟ್ಟಾದ ಹಲ್ಲುಗಳನ್ನೇ ಕೀಳುವುದುಂಟು. ಆಂಗಲ್ ಅದನ್ನು ವಿರೋಧಿಸಿದ್ದ. ಅವನ ಶಿಷ್ಯ ಚಾರ್ಲ್ಸ್ ಟ್ವೀಡನೇ ಮುಂದೆ ಅದನ್ನು ಎತ್ತಿಹಿಡಿದ.

ಇಷ್ಟನ್ನೂ ಬಾಯಲ್ಲಿ ಹೊತ್ತು ತಿರುಗಬೇಕಾದವಳು ಹುಡುಗಿ. ಹಣ ಕೊಡುವವನು ತಂದೆ, ಅಳತೆ ಹೇಳುವವರು ವೈದ್ಯರು, ಹೆಸರಿಡುವವರು ಓಣಿಯವರು. ಅವಳನ್ನೇ ಕೇಳಿದರಾಯಿತಲ್ಲ ಎನ್ನಬಹುದು. ಆದರೆ ಅಡ್ಡಹೆಸರು ಕೇಳಿ ಕೇಳಿ ಅವಳ ಬಯಕೆಯೂ ಓಣಿಯದೇ ಆಗಿರಬಾರದೇಕೆ? ಹಾಗೆಂದು ಅದನ್ನು ಸುಳ್ಳು ಬಯಕೆ ಎನ್ನಲು ನಾನಾರು? ನಾನು ಕಾಲೇಜಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುವುದರಲ್ಲೂ ಓಣಿಯ ಪಾಲಿದೆ.

ನಮ್ಮ ಮನೆಯಲ್ಲಿ ಈ ಮಾತು ಬಂದಾಗ ಮಗಳು, "ಅಪ್ಪಾ, ಹಾಕಸೂಣು, ಆದರ ಲಗ್ನದ ಮಾತು ಮಾತ್ರ ತೆಗೀಬ್ಯಾಡ್ರಿ" ಎಂದಳು. ಆ ಕರಾರಿಗೆ ನಾನೂ ಅವಳ ತಾಯಿಯೂ ಒಪ್ಪಿದ್ದೇವೆ. ಅಜ್ಜಿ ಇನ್ನೂ ಒಪ್ಪಿಲ್ಲ.