ಹಕ್ಕಿ ಕೂತ ಕೊರಡು

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಒಂದು ಫೋಟೋ ತೆಗೆದೆ. ಬೆಳಗ್ಗೆ ಎಂಟು ಗಂಟೆ ಇರಬೇಕು. ಲಿಂಗನಮಕ್ಕಿ ಹಿನ್ನೀರಿನ ಮೇಲಿನ ಮಂಜು ಆಗಷ್ಟೇ ಕರಗುತ್ತಿತ್ತು. ನೀರಿನಿಂದ ಮೇಲೆದ್ದ ಕರಿ ಕೊರಡಿನ ತುದಿಯಲ್ಲಿ ಒಂದು ನೀರುಕಾಗೆ ರೆಕ್ಕೆ ಹರಡಿಕೊಂಡು ಕೂತಿತ್ತು. ನೀರಲ್ಲಿ ಮುಳುಗಿ ಮೀನು ಹಿಡಿಯೋ ಹಕ್ಕಿ ಇದು, ಆದರೂ ಇದರ ಗರಿ ಪೂರ್ತಿ ನೀರು ತಡೆಯೋದಿಲ್ಲ. ಪ್ರತಿ ಸಲ ಒದ್ದೆಯಾಗಿ ಬಂದು ಹೀಗೆ ಬಿಸಿಲಿಗೆ ಒಣಗಿಸಿಕೊಳ್ಳಬೇಕು. ಬೆಂಗಳೂರಿನ ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ‘ಸ್ವರ್ಗ ಮಾರಾಯ’ ಅಂತ ಉತ್ತರ ಬಂತು. ನನಗೂ ಹಾಗೇ ಅನ್ನಿಸಿತ್ತು.

ಮನೆಗೆ ಬಂದು ಅಜ್ಜಿಗೆ ತೋರಿಸಿದೆ. ಫೋಟೋ ದೊಡ್ಡದು ಮಾಡೋದು ಅವರಿಗೆ ಗೊತ್ತು. ಆದರೆ ದೊಡ್ಡದು ಮಾಡಿದ್ದು ಹಕ್ಕಿಯನ್ನಲ್ಲ, ಕೊರಡನ್ನು.

“ಇದು ಯಾವ ಕಡಿಂದ ತೆಗೆದಿದ್ದು ಅಪ್ಪಿ?”

ಹೇಳಿದೆ. ಹಿಂದೆ ಕಾಣುವ ಗುಡ್ಡದ ನೆತ್ತಿಗೆ ಬೆರಳಿಟ್ಟು ಲೆಕ್ಕ ಹಾಕಿದರು. “ಈ ಗುಡ್ಡದ ನೇರಕ್ಕೆ ಅಂದ್ರೆ ನಮ್ಮನೆ ಹಿತ್ತಲು. ಅಲ್ಲೊಂದು ಹಲಸಿನ ಮರ ಇತ್ತು. ಇದೇ ಅಂತ ಹೇಳಕ್ಕೆ ಬರದಿಲ್ಲ ಬಿಡು.”

ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಜ್ಜಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ನಾವೆಲ್ಲ ‘ಬ್ಯಾಕ್‌ವಾಟರ್’ ಅಂತ ಕರೆಯುವುದಕ್ಕೆ ಅವರು ಇವತ್ತಿಗೂ ‘ಮುಳುಗಡೆ’ ಅಂತಲೇ ಹೇಳುವುದು. ಒಂದೇ ನೀರಿಗೆ ಎರಡು ಹೆಸರು. ಒಂದರಲ್ಲಿ ಹೋಮ್‌ಸ್ಟೇ ಇದೆ, ಇನ್ನೊಂದರಲ್ಲಿ ಮನೆ ಇದೆ.

ಆವತ್ತಿಂದ ಒಂದು ಪ್ರಶ್ನೆ ಹಿಂದೆ ಬಿದ್ದಿದೆ. ಅನ್ಯಾಯದಿಂದ ಹುಟ್ಟಿದ ಚೆಲುವನ್ನು ಚೆಲುವು ಅಂತ ಸವಿಯುವುದು ತಪ್ಪಾ?

ಮೊದಲು ಹೊಳೆದ ಉತ್ತರ ಸುಲಭದ್ದು. ಹಕ್ಕಿಗೆ ಇತಿಹಾಸ ಗೊತ್ತಿಲ್ಲ. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಬಂದು ನಮ್ಮ ದಂಡೆಯ ಕಲ್ಲಿನ ಮೇಲೆ ಬಾಲ ಕುಣಿಸುವ ಕುಂಡೆಕುಸ್ಕಕ್ಕೆ ಇದು ಹೊಳೆಯೋ ಮುಳುಗಡೆಯೋ, ಏನು ವ್ಯತ್ಯಾಸ? ಹುಳ ಸಿಕ್ಕಿದರೆ ಆಯ್ತು. ಸರಿ, ಹಕ್ಕಿ ನಿರಪರಾಧಿ. ಆದರೆ ಪ್ರಶ್ನೆ ಹಕ್ಕಿಯ ಬಗ್ಗೆ ಅಲ್ಲವಲ್ಲ, ನೋಡುವ ನನ್ನ ಬಗ್ಗೆ. ನನಗೆ ಇತಿಹಾಸ ಗೊತ್ತು. ಗೊತ್ತಿದ್ದೂ ಅದು ಕಾಣದ ಹಾಗೆ ಫ್ರೇಮ್ ಕಟ್ಟಿದೆ.

ಎರಡನೆಯ ಉತ್ತರ ಅದರ ವಿರುದ್ಧದ್ದು. ಹಾಗಾದರೆ ಸವಿಯಲೇಬಾರದು, ನೋಡಿದಾಗೆಲ್ಲ ಪಾಪಪ್ರಜ್ಞೆ ಇರಬೇಕು. ಇದರಲ್ಲೂ ಒಂದು ಮೋಸ ಇದೆ ಅನ್ನಿಸುತ್ತದೆ. ಹಿನ್ನೀರು ನೋಡಿ ಮರುಗುವ ನಾನು, ಬೆಂಗಳೂರಿನ ಫ್ಲ್ಯಾಟಲ್ಲಿ ಗೀಸರ್ ಹಾಕುವಾಗ ಮರುಗುವುದಿಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ರಾಜ್ಯಕ್ಕೆ ದಶಕಗಳ ಕಾಲ ಬೆಳಕು ಕೊಟ್ಟ ನೀರು ಇದು. ನನ್ನ ಓದು, ಕೆಲಸ, ಈ ಲ್ಯಾಪ್‌ಟಾಪ್ ಎಲ್ಲದರಲ್ಲೂ ಆ ಹಲಸಿನ ಮರದ ಪಾಲು ಇದೆ. ಫೋಟೋ ಒಂದನ್ನೇ ಬಿಟ್ಟು ಉಳಿದದ್ದನ್ನೆಲ್ಲ ಇಟ್ಟುಕೊಂಡರೆ ಅದು ಪಶ್ಚಾತ್ತಾಪ ಅಲ್ಲ, ನಾಟಕ.

ಆಮೇಲೆ ಅಜ್ಜಿಯನ್ನೇ ಕೇಳಿದೆ, “ಈ ಹಕ್ಕಿ ನೋಡಿದ್ರೆ ಸಿಟ್ಟು ಬರಲ್ವಾ?”

“ಹಕ್ಕಿ ಮೇಲೆ ಎಂತಕ್ಕೆ ಸಿಟ್ಟು? ಕೂರಕ್ಕೆ ಜಾಗ ಸಿಕ್ತು, ಕೂತಿದೆ.” ಸ್ವಲ್ಪ ಹೊತ್ತು ಬಿಟ್ಟು ಅಂದರು, “ಮುಳುಗ್ತು ಅಂತಲೂ ಅಲ್ಲ ಅಪ್ಪಿ. ಊರಿಗೆಲ್ಲ ಕರೆಂಟು ಬೇಕಿತ್ತು. ಆದ್ರೆ ನಮ್ಮನ್ನ ಯಾರೂ ಕೇಳ್ಲಿಲ್ಲ.”

ನಾನು ಅಲ್ಲಿಯವರೆಗೆ ನಷ್ಟವನ್ನೇ ಅನ್ಯಾಯ ಅಂದುಕೊಂಡಿದ್ದೆ. ಅಜ್ಜಿ ಎರಡನ್ನೂ ಬಿಡಿಸಿ ಇಟ್ಟರು. ನಷ್ಟ ಆದದ್ದು ಒಂದು ಸಲ, ನೀರು ಏರಿದಾಗ. ಕೇಳದೇ ಇದ್ದದ್ದು ಮಾತ್ರ ಮುಂದುವರಿಯಿತು. ಅಂದು ಎದ್ದು ಹೋದ ಎಷ್ಟೋ ಕುಟುಂಬಗಳು ಕಾಡಂಚಿನ ಜಾಗದಲ್ಲಿ ಇಂದಿಗೂ ಹಕ್ಕುಪತ್ರಕ್ಕೆ ಕಾಯುತ್ತಿವೆ. ಕರೂರು ಸೀಮೆಯ ಜನ ಆರು ದಶಕ ಲಾಂಚಿನಲ್ಲೇ ಹೊಳೆ ದಾಟಿದರು. ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ರಾತ್ರಿ ಹೊತ್ತು ಹೆರಿಗೆ ನೋವು ಬಂದವರಿಗೆ ಈ ‘ಸ್ವರ್ಗ’ ಏನಾಗಿತ್ತು ಅಂತ ಯೋಚಿಸಿ.

ನೋಡುವುದರಲ್ಲೂ ಇದೇ ಅಂತರ. ನನಗೆ ಚಳಿಗಾಲ ಅಂದರೆ ರಜೆ, ಬೈನಾಕ್ಯುಲರ್. ಅಡಿಕೆ ಕೊಯ್ಲಿನ ನಡುವೆ ಊರಿನವರು ಕಾಡು ನೋಡುವುದು ಬೇರೆ ಕಾರಣಕ್ಕೆ. ಮಂಗ ಸತ್ತು ಬಿದ್ದಿದೆಯಾ ಅಂತ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಅದರ ಕಾಲ ಶುರುವಾಗುವುದೇ ಈ ಚಳಿಯಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರು ತೀರಿಕೊಂಡರು. ನನ್ನ ಪ್ರಾಣಿ ವೀಕ್ಷಣೆ ಹವ್ಯಾಸ, ಅವರದ್ದು ಎಚ್ಚರ. ಎರಡನ್ನೂ ‘ಪ್ರಕೃತಿ ಪ್ರೀತಿ’ ಅನ್ನೋ ಒಂದೇ ಫೋಲ್ಡರಿಗೆ ಹಾಕಲಿಕ್ಕೆ ಬರುವುದಿಲ್ಲ.

ಈಗ ಅದೇ ಕಣಿವೆಯಲ್ಲಿ ಇನ್ನೊಂದು ಯೋಜನೆ ಬರುತ್ತಿದೆ. 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ. ಕರೆಂಟು ಹೆಚ್ಚಿದ್ದಾಗ ನೀರನ್ನು ಮೇಲಕ್ಕೆ ಪಂಪ್ ಮಾಡುವುದು, ಬೇಡಿಕೆ ಏರಿದಾಗ ಕೆಳಗೆ ಬಿಡುವುದು. ಒಂದು ದೊಡ್ಡ ಬ್ಯಾಟರಿ ಅಂದುಕೊಳ್ಳಿ. ಎಂಜಿನಿಯರ್ ಆಗಿ ನನಗೆ ಅದರ ತರ್ಕ ಅರ್ಥವಾಗುತ್ತದೆ. ಸೌರವಿದ್ಯುತ್ತು ರಾತ್ರಿ ಇರುವುದಿಲ್ಲ, ಎಲ್ಲೋ ಕೂಡಿಡಬೇಕು. ಆದರೆ ಅದು ಹಾಯುವುದು 2019ರಲ್ಲಿ ಸಿಂಗಳೀಕಗಳಿಗಾಗಿ ಘೋಷಿಸಿದ ಅಭಯಾರಣ್ಯದ ಒಳಗೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇಲ್ಲದ ಪ್ರಾಣಿ ಅದು. ಬದುಕು ಬಹುಪಾಲು ಮರದ ನೆತ್ತಿಯ ಮೇಲೆ. ಕೊಂಬೆಗೆ ಕೊಂಬೆ ತಾಗುವುದು ತಪ್ಪಿದರೆ ಅದಕ್ಕೆ ದಾರಿ ತಪ್ಪಿದ ಹಾಗೆ.

ಈ ಸುದ್ದಿ ಓದಿ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ, “ಈ ಸಲ ಕೇಳಿದ್ರಾ?”

ಅಹವಾಲು ಸಭೆ ಆಯ್ತು, ಜನ ಬೇಡ ಅಂದರು, ಅಂತ ಹೇಳಿದೆ.

“ಬ್ಯಾಡ ಅಂದ್ರೆ ಬಿಡ್ತಾರಾ?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇಡ ಅನ್ನುವ ಉತ್ತರಕ್ಕೆ ಜಾಗವೇ ಇಲ್ಲದ ಪ್ರಶ್ನೆ, ಪ್ರಶ್ನೆ ಅಲ್ಲ, ತಿಳಿವಳಿಕೆ ಪತ್ರ ಅಷ್ಟೇ. ನಮ್ಮ ಆಫೀಸಿನಲ್ಲೂ ಅಂಥ ಮೀಟಿಂಗ್ ಕೂತವರಿಗೆ ಇದು ಗೊತ್ತಿರುತ್ತದೆ. ಇನ್ನು ಸಿಂಗಳೀಕವನ್ನು ಕೇಳುವ ಹಾಗೂ ಇಲ್ಲ. ಅದರ ಪರವಾಗಿ ಯಾರಾದರೂ ಬೇಡ ಅನ್ನಬೇಕು, ಮತ್ತು ಹಾಗೆ ಅಂದವರು ತಮ್ಮ ಮನೆಯ ಎಸಿಯ ಲೆಕ್ಕವನ್ನೂ ಕೊಡಬೇಕು.

ಹಾಗಾಗಿ ನನ್ನ ಪ್ರಶ್ನೆಗೆ ಈಗ ಸಿಕ್ಕಿರುವ ಉತ್ತರ ಇಷ್ಟು: ಸವಿಯುವುದು ತಪ್ಪಲ್ಲ. ಆದರೆ ಅದು ಪುಕ್ಕಟೆ ಅಂದುಕೊಳ್ಳುವುದು ತಪ್ಪು. ಯಾರೋ ಬೆಲೆ ಕೊಟ್ಟಿದ್ದಾರೆ. ಅದನ್ನು ನೆನೆಯುವುದಷ್ಟೇ ಸಾಲದು. ನನ್ನ ಅನುಕೂಲಕ್ಕಾಗಿ ಮುಂದಿನ ಬೆಲೆ ಇನ್ನೊಬ್ಬರಿಂದ ಕೀಳುವಾಗ ಬಾಯಿ ತೆರೆಯಬೇಕು.

ಫೋಟೋ ಅಳಿಸಿಲ್ಲ. ಅಜ್ಜಿ ಪ್ರಿಂಟ್ ಹಾಕಿಸಿಕೊಡು ಅಂದಿದ್ದಾರೆ. ಹಕ್ಕಿ ಇರಲಿ, ಗುಡ್ಡ ಮಾತ್ರ ಕತ್ತರಿಸಬೇಡ ಅಂತ ಎರಡು ಸಲ ಹೇಳಿದರು.