ಅಲುಗುವ ಚಪ್ಪಡಿ

ಹೂದೋಟದ ನಡುವೆ ಗಾರೆಯಲ್ಲಿ ಕೂರಿಸಿದ ಕಲ್ಲುದಾರಿಯಲ್ಲಿ ಒಂದು ಚಪ್ಪಡಿ ಸಡಿಲವಾದರೆ ಅದರಿಂದ ಧರ್ಮಜಿಜ್ಞಾಸೆ ಹುಟ್ಟುವುದೆಂದರೆ ವಾಚಕರಲ್ಲಿ ಕೆಲವರು ನಕ್ಕಾರು. ಆದರೆ ಅದನ್ನು ಸರಿಪಡಿಸುವ ಕ್ರಮಗಳು ಎರಡಿವೆ. ಅವುಗಳಲ್ಲಿ ಒಂದನ್ನು ಆರಿಸುವಾಗ, ಕೆಲಸವು ನೋಡುವವರ ಕಣ್ಣಿಗೆ ಸಲ್ಲತಕ್ಕದ್ದೋ ನಡೆಯುವವರ ಕಾಲಿಗೆ ಸಲ್ಲತಕ್ಕದ್ದೋ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಮೊದಲನೆಯ ಕ್ರಮ ಸುಲಭ. ಸಂದಿನ ಹುಲ್ಲನ್ನು ಕಿತ್ತು, ಸಿಮೆಂಟನ್ನು ಕದಡಿ ಸುರಿದು, ಕರಣೆಯಿಂದ ತೀಡಿದರೆ ಮುಗಿಯಿತು. ಎರಡನೆಯದರಲ್ಲಿ ಕಲ್ಲನ್ನು ಮೀಟಿ ಎಬ್ಬಿಸಬೇಕು. ಎಬ್ಬಿಸಿದರೆ ಕಲ್ಲು ನಿರಪರಾಧಿಯೆಂದು ತಿಳಿಯುತ್ತದೆ. ಶಿವಮೊಗ್ಗೆಯಂತಹ ಮಳೆಸೀಮೆಯಲ್ಲಿ ಅಪರಾಧಿಯು ಬಹುಮಟ್ಟಿಗೆ ನೀರು. ಸಂದುಗಳಲ್ಲಿ ಇಳಿದು ಕೆಳಗಣ ಮಣ್ಣನ್ನು ಕೊಚ್ಚಿ ಪೊಳ್ಳುಮಾಡಿರುತ್ತದೆ. ಕೆಲವೆಡೆ ಮರದ ಬೇರು, ಕೆಲವೆಡೆ ಹೆಗ್ಗಣ. ಹಳೆಯ ಗಾರೆಯನ್ನು ಕಲ್ಲಿನ ಅಡಿಯಿಂದಲೂ ಗುಂಡಿಯಿಂದಲೂ ಕೆತ್ತಿ ತೆಗೆದು, ಜಲ್ಲಿ ಮರಳುಗಳನ್ನು ತುಂಬಿ ದಮ್ಮಸು ಮಾಡಿ, ನೀರು ಚಿಮುಕಿಸಿ, ಹೊಸ ಗಾರೆ ಹಾಸಿ, ಕಲ್ಲನ್ನು ಕೊಡತಿಯಿಂದ ಮೆಲ್ಲಗೆ ತಟ್ಟಿ ಕೂರಿಸಬೇಕು. ನೀರು ಹರಿದುಹೋಗುವಷ್ಟು ಇಳಿಜಾರನ್ನೂ ಬಿಡಬೇಕು.

ಗಾರೆಯ ವಿಷಯದಲ್ಲಿಯೂ ವಿವೇಕ ಬೇಕು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿತು. ಮುಂದೆ ಅಲ್ಲಿಯೇ ಸಿಮೆಂಟೂ ತಯಾರಾಯಿತು. ಗಟ್ಟಿಯಾದುದೆಲ್ಲ ಒಳ್ಳೆಯದೆಂಬ ನಂಬಿಕೆ ಅಂದಿನಿಂದ ಈ ಸೀಮೆಯಲ್ಲಿ ಬೆಳೆದಿದ್ದರೆ ಆಶ್ಚರ್ಯವಿಲ್ಲ. ಆದರೆ ಮೃದುವಾದ ಜಂಬಿಟ್ಟಿಗೆಯ ಅಂಚಿಗೆ ಬಿರುಸಾದ ಸಿಮೆಂಟನ್ನು ಮೆತ್ತಿದರೆ, ನೆಲವು ಕದಲಿದಾಗ ಒಡೆಯುವುದು ಕಲ್ಲೇ ಹೊರತು ಸಿಮೆಂಟಲ್ಲ. ಸುಣ್ಣದ ಗಾರೆ ಕೊಂಚ ಮಣಿಯುತ್ತದೆ. ಅದಕ್ಕೆ ಇಟ್ಟಿಗೆಪುಡಿಯಾದ ಸುರ್ಕಿಯನ್ನು ಬೆರೆಸಿದರೆ ತೇವದಲ್ಲಿಯೂ ಬಿಗಿಯುತ್ತದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯು ಎದ್ದುದು ಸುರ್ಕಿಗಾರೆಯಿಂದಲೇ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿದ ಹೊಯ್ಸಳರ ಶಿಲ್ಪಿಗಳಿಗಾದರೋ ಗಾರೆಯ ಹಂಗೇ ಇರಲಿಲ್ಲ. ಯಾರ ಕಣ್ಣಿಗೂ ಬೀಳದ ಕಲ್ಲಿನ ಮೈಯನ್ನೂ ಒಂದಕ್ಕೊಂದು ಕೂಡುವಂತೆ ಅವರು ಕಡೆದರು.

ಹಾಗಾದರೆ ಮೇಲುತೇಪೆಯೆಲ್ಲವೂ ಪಾಪವೆ? ಅಷ್ಟು ಕಠಿನವಾಗಿ ಹೇಳಲಾಗದು. ನಾಳೆ ಮನೆಯಲ್ಲಿ ಮದುವೆಯಿರಬಹುದು, ಕೈಯಲ್ಲಿ ಕಾಸಿಲ್ಲದಿರಬಹುದು. ಅಲುಗುವ ಕಲ್ಲಿನ ಮೇಲೆ ಒಂದು ಹೂಕುಂಡವನ್ನಿಟ್ಟು ಸುಮ್ಮನಿದ್ದರೆ ಅದೂ ಪ್ರಾಮಾಣಿಕತೆಯೇ. ದೋಷವಿರುವುದು ತೇಪೆಯಲ್ಲಲ್ಲ, ಅದರ ನುಣುಪಿನಲ್ಲಿ. ಕಲ್ಲು ಅಲುಗುತ್ತಿದ್ದಾಗ, ಬೆಳಗ್ಗೆ ಹೂಬಿಡಿಸಲು ಬರುವ ಅಜ್ಜಿಯು ಅದನ್ನು ತಿಳಿದು ದಾಟಿಕೊಂಡು ಹೋಗುತ್ತಿದ್ದಳು. ತೇಪೆಯಾದ ಮೇಲೆ ನಂಬಿ ಕಾಲಿಡುತ್ತಾಳೆ. ಪೊಳ್ಳು ಮೊದಲಿನಂತೆಯೇ ಇದೆ. ಹೋದದ್ದು ಅವಳ ಎಚ್ಚರಿಕೆ ಮಾತ್ರ.

ಇದರ ಹೊಣೆಯನ್ನು ಗಾರೆಯವನ ತಲೆಗೆ ಕಟ್ಟುವುದು ವಾಡಿಕೆ. ಅದು ಪೂರ್ಣ ನ್ಯಾಯವಲ್ಲ. ಅರ್ಧ ದಿನದ ಕೂಲಿಯನ್ನು ಚೌಕಾಸಿಮಾಡಿ ಕೊಟ್ಟು, ಸಂಜೆಯೊಳಗೆ ದಾರಿ ಥಳಥಳಿಸಬೇಕೆನ್ನುವ ಯಜಮಾನನು ಕಲ್ಲೆಬ್ಬಿಸುವ ಕೆಲಸವನ್ನು ಕೊಂಡೇ ಇಲ್ಲ. ಕೊಳ್ಳದ ಕೆಲಸವು ಆಗಲಿಲ್ಲವೆಂದು ದೂರುವುದು ಹೇಗೆ? ಕೆಲಸಗಾರನಾದರೂ ಒಂದು ಮಾತನ್ನು ಹೇಳಿಹೋಗಬಹುದು: ಅಡಿ ಪೊಳ್ಳಾಗಿದೆ, ಇದು ಒಂದು ಮಳೆಗಾಲಕ್ಕೂ ನಿಲ್ಲದು ಎಂದು. ಆ ಮಾತಿಗೆ ಕೂಲಿಯಿಲ್ಲ. ಮುಂದಿನ ಕೆಲಸ ತಪ್ಪುವ ಭಯವೂ ಉಂಟು. ಆದರೂ ಹೇಳುವವರಿದ್ದಾರೆ.

ಸರಿಯಾಗಿ ಕೂರಿಸಿದ ಕಲ್ಲಿಗೂ ಒಂದು ವಾರ ಒದ್ದೆ ಗೋಣಿತಟ್ಟು ಬೇಕು. ಗಾರೆಯವನು ಹೊತ್ತುಮುಳುಗುವಾಗ ಕರಣೆ ತೊಳೆದು ಹೊರಟುಹೋಗುತ್ತಾನೆ. ಆಮೇಲೆ ದಿನಕ್ಕೆರಡು ಬಾರಿ ಗೋಣಿಗೆ ನೀರು ಹಾಕುವುದೂ, ಮಕ್ಕಳು ಅದರ ಮೇಲೆ ಓಡದಂತೆ ನೋಡಿಕೊಳ್ಳುವುದೂ ಮನೆಯವರ ಪಾಲಿಗೆ ಉಳಿದ ಕೆಲಸ.